ದೇಣಿಗೆ ಮೀಮಾಂಸೆ

ಕರ್ಮಠನೆಂದರೆ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಚಹಾದಂಗಡಿ ಕಟ್ಟೆಗಳ ಪ್ರಕಾರ, ಹಣೆಯ ಗುರುತು ಅಗಲವಾಗಿಯೂ ಕಿಸೆಯ ಬಾಯಿ ಕಿರಿದಾಗಿಯೂ ಇರುವ ಜೀವಿ. ಗುರುತು ವಿಭೂತಿಯದೋ ಗಂಧದ್ದೋ ನಮಾಜಿನ ಕಲೆಯೋ ಎಂಬುದರಿಂದ ವ್ಯಾಖ್ಯೆಗೆ ಬಾಧಕವಿಲ್ಲ. ಅದೇ ಕಟ್ಟೆಯ ಇನ್ನೊಂದು ಸಿದ್ಧಾಂತದಂತೆ ಆತ ಹೆಸರಿನ ಆಸೆಗೆ ರೊಕ್ಕ ಚೆಲ್ಲುವವನು. ಅರ್ಧ ಕಪ್ ಚಹಾ ಮುಗಿಯುವುದರೊಳಗೆ ಒಂದೇ ಬಾಯಿ ಎರಡನ್ನೂ ಮಂಡಿಸುವುದುಂಟು. ತರ್ಕಶಾಸ್ತ್ರ ಇದನ್ನು ವಿರೋಧ ಎನ್ನುತ್ತದೆ, ಕಟ್ಟೆ ಅನುಭವ ಎನ್ನುತ್ತದೆ.

ಎರಡನೆಯ ಸಿದ್ಧಾಂತಕ್ಕೆ ಫಲಕವೇ ಪ್ರಮಾಣ. ಗುಡಿಯ ಮೆಟ್ಟಿಲು, ಮಠದ ಗಡಿಯಾರ, ದರ್ಗಾದ ನೀರಿನ ಟಾಕಿ, ಎಲ್ಲದರ ಮೇಲೂ ಅಕ್ಷರ. ಫ್ಯಾನಿನ ರೆಕ್ಕೆಯ ಮೇಲೆ ಬರೆಸಿದ ಹೆಸರು ಮಾತ್ರ ಪ್ರತ್ಯೇಕ ಅಧ್ಯಯನ ಬೇಡುತ್ತದೆ: ಗಾಳಿ ಬರುವಾಗ ದಾನಿ ಕಾಣುವುದಿಲ್ಲ, ದಾನಿ ಕಾಣುವಾಗ ಗಾಳಿ ಬರುವುದಿಲ್ಲ. ಸೆಕೆಯಲ್ಲಿ ಕರೆಂಟು ಹೋದಾಗ ಆತನ ಕೀರ್ತಿ ಶಿಖರಕ್ಕೇರುತ್ತದೆ, ಭಕ್ತರ ಬೈಗುಳವೂ.

ಇದನ್ನು ಈಚಿನ ಚಟವೆಂದು ಜರಿಯುವವರಿಗೆ ಮುಧೋಳದ ಇತಿಹಾಸ ಗೊತ್ತಿಲ್ಲ. ಆ ಊರಿನ ಬಳೆಗಾರರ ಮನೆಯ ರನ್ನ 993ರಲ್ಲಿ 'ಅಜಿತಪುರಾಣ' ಮುಗಿಸಿ, ಬರೆಸಿದ ಅತ್ತಿಮಬ್ಬೆಯನ್ನು ಅದರೊಳಗೇ ಹೊಗಳಿದ. ಪೊನ್ನನ 'ಶಾಂತಿಪುರಾಣ'ದ 1,000 ಪ್ರತಿ ಮಾಡಿಸಿದ್ದು, 1,500 ಜಿನಬಿಂಬ ಮಾಡಿಸಿಕೊಟ್ಟದ್ದು ಈ ದಾನಚಿಂತಾಮಣಿಯ ಖ್ಯಾತಿ. ಅಂದಿನ ಫಲಕಕ್ಕೂ ಇಂದಿನ ಪೇಂಟರನದಕ್ಕೂ ಇರುವ ವ್ಯತ್ಯಾಸ ಮುಖ್ಯವಾಗಿ ಛಂದಸ್ಸಿನದು; ಕಾಗುಣಿತದ್ದೂ ಸ್ವಲ್ಪ ಇದೆ.

ಜಿಪುಣತನದ ಸಿದ್ಧಾಂತ ಹುಟ್ಟುವುದು ಬರೆಸದ ದಾನದಿಂದ. ಜಾತ್ರೆಗೆ ಮನೆಮನೆಯಿಂದ ಬುಟ್ಟಿಗಟ್ಟಲೆ ಬರುವ ಕಟಕ ರೊಟ್ಟಿಯ ಮೇಲೆ ಹೆಸರು ಮೂಡಿಸುವ ವಿದ್ಯೆ ಇನ್ನೂ ಸಿದ್ಧಿಸಿಲ್ಲ. ಹುಗ್ಗಿಗೆ ಬಿದ್ದ ಬೆಲ್ಲ ಯಾರ ಗಾಣದ್ದೆಂದು ಹುಗ್ಗಿ ಹೇಳುವುದಿಲ್ಲ. ವರ್ಷವಿಡೀ ಉಳಿದ ಸಂಪತ್ತಿನಲ್ಲಿ ಶೇ 2.5ರಷ್ಟು ಜಕಾತ್ ತೆಗೆಯುವವನು ಪಡೆದವನ ಮಾನ ಕಾಯಲು ಕತ್ತಲಾದ ಮೇಲೆ ಬಾಗಿಲು ಬಡಿದರೆ, ಕಟ್ಟೆಯವರು ಅಷ್ಟೊತ್ತಿಗೆ ಊಟಕ್ಕೆ ಹೋಗಿರುತ್ತಾರೆ. ಆದಾಯ ತೆರಿಗೆ ಕಾಯ್ದೆ ಕೂಡ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ರಿಯಾಯಿತಿ ಕೊಡದು. ಹುಂಡಿಯಂತೂ ಪಾವತಿ ಹರಿದುಕೊಡುವ ವಸ್ತುವಲ್ಲ. ಹೀಗಾಗಿ ಗುಪ್ತದಾನಿ ಸರ್ಕಾರಿ ಕಡತದಲ್ಲೂ ಜಿಪುಣನೇ.

ಎರಡೂ ಸಿದ್ಧಾಂತ ಎಡವುವುದು ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ವಂತಿಗೆ ಹಾಕಿ, ಮೈಮುರಿದು ದುಡಿದು, ಕೃಷ್ಣೆಗೆ ಬ್ಯಾರೇಜ್ ಕಟ್ಟಿಕೊಂಡರು. ಅದು ಶ್ರಮಬಿಂದು ಸಾಗರವೆನಿಸಿತು. ಇದು ದಾನವೇ? ನೀರು ಕೊಟ್ಟವರ ಹೊಲಕ್ಕೇ ಹರಿಯಿತು. ಸ್ವಾರ್ಥವೇ? ನದಿಯಲ್ಲಿ ನಿಂತ ನೀರು ಪಾವತಿ ನೋಡಿ ದನಗಳಿಗೆ ಕುಡಿಯಲು ಬಿಡುವುದಿಲ್ಲ. ವಂತಿಗೆ ಕೊಟ್ಟ ಕೈ ಅಂದು ಬೆಳಿಗ್ಗೆ ಲಿಂಗಪೂಜೆ ಮಾಡಿತ್ತೇ ಎಂದು ಯಾರೂ ಬರೆದಿಡಲಿಲ್ಲವಾದ್ದರಿಂದ ಕಟ್ಟೆ ಈ ಪ್ರಕರಣವನ್ನು ಕೈಬಿಟ್ಟಿದೆ.

ಸಂಶೋಧನಾ ವಿಧಾನದ ಕುರಿತು ಒಂದು ಮಾತು. ಕಟ್ಟೆಯ ವಿದ್ವಾಂಸರು ಕ್ಷೇತ್ರಕಾರ್ಯಕ್ಕೆಂದು ಜಾತ್ರೆಯ ಪಂಕ್ತಿಗೆ ತಪ್ಪದೆ ಬರುತ್ತಾರೆ. ಎರಡನೆಯ ಸಲ ಹುಗ್ಗಿ ನೀಡಿಸಿಕೊಳ್ಳುವುದನ್ನು ದತ್ತಾಂಶದ ಮರುಪರಿಶೀಲನೆ ಎಂದು ತಿಳಿಯತಕ್ಕದ್ದು. ಅವರ ಸ್ವಂತ ದೇಣಿಗೆಗೆ ಎಲ್ಲಿಯೂ ಫಲಕವಿಲ್ಲ, ಪಾವತಿಯಿಲ್ಲ, ರೊಟ್ಟಿಯ ಬುಟ್ಟಿಯೂ ಇಲ್ಲ; ಆದಕಾರಣ ಅದನ್ನು ಗುಪ್ತದಾನದ ಲೆಕ್ಕಕ್ಕೆ ಹಿಡಿಯಲಾಗಿದೆ.