ತೂಬಲ್‌ಕಾಯಿನನ ಚಾಕಣ ಮೂಲ: ಒಂದು ಘನ ಸಂಶೋಧನೆ

ಬೈಬಲಿನ ಆದಿಕಾಂಡದ ನಾಲ್ಕನೇ ಅಧ್ಯಾಯ, 22ನೇ ವಚನ. ತೂಬಲ್‌ಕಾಯಿನನ ಸಮಸ್ತ ಚರಿತ್ರೆ ಅಷ್ಟರಲ್ಲೇ ಮುಗಿಯುತ್ತದೆ: ತಂದೆ ಲೆಮೆಕ, ತಾಯಿ ಚಿಲ್ಲಾ, ಸೋದರಿ ನಯಮಾ, ಉದ್ಯೋಗ ಕಂಚು ಕಬ್ಬಿಣದ ಹತ್ಯಾರು. ಊರನ್ನು ಗ್ರಂಥ ಹೇಳಿಲ್ಲ. ಹೇಳಿಲ್ಲವಾದ್ದರಿಂದ ಅದು ಪುಣೆ ಜಿಲ್ಲೆಯ ಚಾಕಣವೇ ಸರಿ.

ಕೌಟುಂಬಿಕ ಪ್ರಮಾಣ ನೋಡಿ. ಮಲಸೋದರ ಯಾಬಾಲನದು ಗುಡಾರ, ದನಕರು. ಚಾಕಣದಲ್ಲಿ ದನದ ಸಂತೆಯೂ ಉಂಟು, ಕಾರ್ಮಿಕರ ಪತ್ರಾಸಿನ ಖೋಲಿಗಳೂ ಉಂಟು. ಇನ್ನೊಬ್ಬ ಯೂಬಾಲ್, ವಾದ್ಯಗಾರರ ಮೂಲಪುರುಷ. ಅವನ ಸಂತತಿ ತಳೇಗಾಂವ ಚೌಕದಲ್ಲಿ ಟ್ರಾಫಿಕ್ ನಿಂತಾಗಲೆಲ್ಲ ಹಾರ್ನ್ ನುಡಿಸುತ್ತದೆ.

ಪೂರ್ವಪಕ್ಷ: ಬಜಾಜ್ ಕಾರ್ಖಾನೆ ಬಂದದ್ದು 1999ರಲ್ಲಿ, ಫೋಕ್ಸ್‌ವ್ಯಾಗನ್ 2009ರಲ್ಲಿ, ಅದಕ್ಕೂ ಮುಂಚೆ ಇಲ್ಲಿದ್ದದ್ದು ಈರುಳ್ಳಿ ಮಾರುಕಟ್ಟೆ. ಸಮಾಧಾನ: 1660ರಲ್ಲಿ ಫಿರಂಗೋಜಿ ನರಸಾಳಾ ಇಲ್ಲಿಯ ಸಂಗ್ರಾಮದುರ್ಗವನ್ನು ಶಾಯಿಸ್ತಾಖಾನನ ಎದುರು ಸುಮಾರು ಎರಡು ತಿಂಗಳು ಹಿಡಿದು ನಿಂತದ್ದು ಈರುಳ್ಳಿ ಎಸೆದಲ್ಲ. ಕಿಲ್ಲೇದಾರನ ಹೆಸರು ಉಳಿಯಿತು, ಕತ್ತಿ ಬಡಿದವನದು ಉಳಿಯಲಿಲ್ಲ. ನಮ್ಮವನಿಗೆ ಒಂದು ವಚನವಾದರೂ ಸಿಕ್ಕಿತಲ್ಲ!

ಇನ್ನು ತೌಲನಿಕ ವಿವೇಚನೆ. ನಮ್ಮ ಪಾಂಚಾಳ ಪರಂಪರೆಯಲ್ಲಿ ಕಬ್ಬಿಣ ಮನುವಿನ ಪಾಲು, ತಾಮ್ರ ಕಂಚು ತ್ವಷ್ಟೃವಿನ ಪಾಲು. ತೂಬಲ್‌ಕಾಯಿನ ಎರಡನ್ನೂ ಒಬ್ಬನೇ ಮಾಡಿದ. ಇಬ್ಬರ ಕೆಲಸ, ಒಬ್ಬನ ಪಗಾರ! ಕಾಂಟ್ರಾಕ್ಟ್ ಪದ್ಧತಿಯ ಪ್ರಾಚೀನತೆಗೆ ಬೇರೆ ಪುರಾವೆ ಬೇಡ. ವಿಜಯಪುರ, ಕಲಬುರಗಿಯಿಂದ ಐಟಿಐ ಮುಗಿಸಿ ಬಂದ ಹುಡುಗರನ್ನು ಕೇಳಿ. ನೈಟ್ ಶಿಫ್ಟ್ ಮುಗಿಸಿ ಮಲಗಿದ್ದರೆ ಎಬ್ಬಿಸಬೇಡಿ.

ಅವನ ಮರಣದ ಬಗ್ಗೆ ಯೆಹೂದಿ ವ್ಯಾಖ್ಯಾನಕಾರರಲ್ಲಿ ಒಂದು ಕಥೆಯಿದೆ. ಲೆಮೆಕ ಕುರುಡ; ಮಗನೇ ಕೈಹಿಡಿದು ನಡೆಸುವವನು. ಮಗ ಮೃಗವೆಂದು ತೋರಿಸಿದತ್ತ ಬಾಣ ಬಿಟ್ಟರೆ ಸತ್ತದ್ದು ಮುತ್ತಜ್ಜರ ಅಜ್ಜ ಕಾಯಿನ. ಸಂಕಟದಿಂದ ಮುದುಕ ಎರಡು ಅಂಗೈ ಅಪ್ಪಳಿಸಿದ. ನಡುವೆ ಮಗನ ತಲೆ ಸಿಕ್ಕಿತು. ಪ್ರೆಸ್ ಶಾಪಿನಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪವರ್ ಪ್ರೆಸ್ಸಿಗೆ ಎರಡು ಬಟನ್ ಇಡುವುದೇ, ಎರಡೂ ಕೈ ಅವುಗಳ ಮೇಲಿದ್ದರಷ್ಟೇ ಯಂತ್ರ ಇಳಿಯಲಿ ಎಂದು. ಪ್ರೊಡಕ್ಷನ್ ಏರಿಸಲು ಒಂದು ಬಟನ್ನಿಗೆ ಟೇಪು ಸುತ್ತುವವರು ಲೆಮೆಕನ ನೇರ ವಾರಸುದಾರರು.

ಜಲಪ್ರಳಯದಲ್ಲಿ ಕಾಯಿನನ ವಂಶ ಮುಳುಗಿತಲ್ಲ, ವಿದ್ಯೆ ಹೇಗೆ ಉಳಿಯಿತು ಎನ್ನುವಿರಾ? ನಯಮಾ ನೋಹನ ಹೆಂಡತಿಯಾದಳೆಂದು ಅದೇ ವ್ಯಾಖ್ಯಾನ ಪರಂಪರೆಯ ಇನ್ನೊಂದು ಮಾತು. ಮುನ್ನೂರು ಮೊಳದ ನಾವೆಗೆ ಮರ, ರಾಳ ಬಳಸಿದ್ದು ಆದಿಕಾಂಡದಲ್ಲಿದೆ. ಮೊಳೆಯ ಸುದ್ದಿಯೇ ಇಲ್ಲ. ನಮ್ಮ ವಾದಕ್ಕೆ ಇದೇ ಬಲವಾದ ಸಾಕ್ಷಿ: ಹೆಂಡತಿಯ ಅಣ್ಣನ ಕುಲುಮೆಯಿಂದ ಉದ್ರಿ ತಂದದ್ದನ್ನು ಯಾರು ಬರೆದಿಡುತ್ತಾರೆ? ಆ ಬಾಕಿ ತೀರಿತೇ ಎಂಬುದು ಬೇರೆ ಪ್ರಬಂಧದ ವಿಷಯ. ಅನುದಾನ ಬಂದರೆ ಕೈಗೆತ್ತಿಕೊಳ್ಳಲಾಗುವುದು.