ಬ್ರೋಕರ್‌ಗೆ ‘ಸಾಕಪ್ಪಾ’ ಅನ್ನಿ ನೋಡೋಣ!

“ಸಾರ್, ಪಾರ್ಟಿ ರೆಡಿ ಇದೆ. ಆಷಾಢ ಒಂದು ಕಳೀಲಿ ಅಂತಿದಾರೆ.” ನಿಮ್ಮ ಬ್ರೋಕರೂ ಇದನ್ನೇ ಹೇಳಿದ್ನಲ್ವಾ? ಆಷಾಢ ಆಯ್ತು, ಪಿತೃಪಕ್ಷ ಬಂತು. ಅದೂ ಕಳೀತು, ಧನುರ್ಮಾಸ ಹಿಡ್ಕೊಂತು. ನಿಮ್ಮ ಥರ್ಟಿ ಫಾರ್ಟಿ ಮನೆ ಮಾತ್ರ ಗೇಟಿಗೆ ಬೋರ್ಡು ತಗುಲಿಸ್ಕೊಂಡು ಹಾಗೇ ನಿಂತಿದೆ. (ಪಂಚಾಂಗ ಹೇಳೋಕೆ ಪುರೋಹಿತರಿದ್ರಲ್ಲ, ಅದಕ್ಕೂ ಬ್ರೋಕರೇ ಬೇಕಿತ್ತಾ?)

ಈಗ ಅವನನ್ನ ಬಿಡಿಸ್ಬೇಕು. ಏನ್ ಮಾಡಿದ್ರಿ ಅಂತ ನಾನೇ ಹೇಳ್ಲಾ? ಫೋನ್ ಎತ್ತೋದು ಬಿಟ್ರಿ. ಎದುರಿಗೆ ಸಿಕ್ಕಾಗ “ಮಗಳು ಅಮೆರಿಕದಿಂದ ಬರ್ಲಿ, ಮಾತಾಡೋಣ” ಅಂದ್ರಿ. ಆಮೇಲೆ ಮೆಲ್ಲಗೆ ಮೇನ್ ರೋಡಿನ ಇನ್ನೊಬ್ಬ ಬ್ರೋಕರ್‌ಗೆ ಜೆರಾಕ್ಸ್ ಸೆಟ್ ಕೊಟ್ಟು ಬಂದ್ರಿ. “ಇನ್ಯಾರಿಗೂ ಹೇಳಿಲ್ಲ ಕಣಪ್ಪ” ಅಂತ ಬೇರೆ! (ಅವರಿಬ್ರೂ ದಿನಾ ಒಂದೇ ದರ್ಶಿನೀಲಿ ಬೈ ಟೂ ಕಾಫಿ ಕುಡೀತಾರೆ, ಗೊತ್ತಿರ್ಲಿ.)

ಸೊಪ್ಪಿನವಳ ಹತ್ರ ಐದು ರೂಪಾಯಿಗೆ ಗಂಟಲು ಹರ್ಕೊಳ್ಳೋ ಜನ ನಾವು. ಮನೆ ಮಾರೋ ವಿಷಯಕ್ಕೆ ಬಂದ್ರೆ ಎಲ್ಲಿಲ್ಲದ ದಾಕ್ಷಿಣ್ಯ. “ಪಾಪ, ಎಷ್ಟು ಸಲ ಓಡಾಡಿದಾನೆ, ಬಾಯಿಬಿಟ್ಟು ಬೇಡ ಅನ್ನೋದು ಹ್ಯಾಗ್ರೀ?” ಅಂತ ಹೆಂಡ್ತಿ ಮುಂದೆ ಗೊಣಗಾಟ. ಹೌದು ತಾನೆ?

ದಾಕ್ಷಿಣ್ಯ ಕಾನೂನಿಗೆ ಅರ್ಥ ಆಗಲ್ಲ ಸ್ವಾಮಿ. ನಮ್ಮ ಕರಾರು ಕಾಯ್ದೆ 1872ರದ್ದು. ಅದರ 208ನೇ ಸೆಕ್ಷನ್ ಪ್ರಕಾರ ಏಜೆಂಟನ್ನ ತೆಗೆದಿದ್ದು ಅವನ ಮಟ್ಟಿಗೆ ಜಾರಿಗೆ ಬರೋದು ಅವನಿಗೆ ಗೊತ್ತಾದ್ಮೇಲೇ. ಹೊರಗಿನವರ ಮಟ್ಟಿಗೆ, ಅವರಿಗೆ ಗೊತ್ತಾದ್ಮೇಲೆ. ನೀವು ಮನಸ್ಸಲ್ಲೇ ಎಷ್ಟು ಸಲ ಓಡಿಸಿದ್ರೂ ಅವನಿನ್ನೂ ನಿಮ್ಮ ಏಜೆಂಟೇ. ಬರೀ ಬಾಯಿಮಾತಲ್ಲಿ ಒಪ್ಕೊಂಡಿದ್ರೂ ಅಷ್ಟೇ.

“ಆರು ತಿಂಗಳು ಇವನೊಬ್ಬನಿಗೇ” ಅಂತ ಕಾಗದಕ್ಕೆ ಸೈನ್ ಹಾಕಿದೀರಾ? (ಓದದೇ ಹಾಕಿರ್ತೀರಿ, ನಂಗೊತ್ತು.) ಹಾಗಿದ್ರೆ 205ನೇ ಸೆಕ್ಷನ್ ಇದೆ. ಸರಿಯಾದ ಕಾರಣ ಇಲ್ದೆ ಅವಧಿಗೆ ಮುಂಚೆ ತೆಗೆದ್ರೆ ಪರಿಹಾರ ಕೊಡಬೇಕಾಗುತ್ತೆ. ಅದಕ್ಕೇ ಕಾರಣ ಬರೆದಿಟ್ಕೊಳ್ಳಿ, ಮುಂಚಿತವಾಗಿ ತಿಳಿಸಿ. ರೇರಾಗೆ ಹೋಗ್ತೀನಿ ಅಂತ ಮಾತ್ರ ಹೆದರಿಸ್ಬೇಡಿ. ಅಲ್ಲಿ ಏಜೆಂಟರ ನೋಂದಣಿ ಇರೋದು ರೇರಾದಲ್ಲಿ ರಿಜಿಸ್ಟರ್ ಆದ ಪ್ರಾಜೆಕ್ಟ್ ಮಾರೋರಿಗೆ, ನಿಮ್ಮ ಹಳೇ ಮನೆಗಲ್ಲ.

ಅಂಥ ಅವಧಿ ಕಾಗದ ಇಲ್ದಿದ್ರೆ ವಾಟ್ಸಾಪ್‌ನಲ್ಲಿ ನಾಲ್ಕು ಸಾಲು ಸಾಕು. “ಇವತ್ತಿನಿಂದ ನಮ್ಮ ಮನೆ ಮಾರಾಟದ ಕೆಲಸ ನಿಮಗಿಲ್ಲ. ಬೀಗದ ಕೈ, ಜೆರಾಕ್ಸ್ ವಾಪಸ್ ಕೊಡಿ. ಬೋರ್ಡು, ಆನ್‌ಲೈನ್ ಜಾಹೀರಾತು ತೆಗೀರಿ. ಇದುವರೆಗೆ ಮನೆ ತೋರಿಸಿದ ಪಾರ್ಟಿಗಳ ಹೆಸರು ಕಳಿಸಿ.” ನೀಲಿ ಟಿಕ್ ಬಿತ್ತಾ? ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.

ಕೊನೇ ಸಾಲು ಬಿಡಬೇಡಿ. ಆ ಪಟ್ಟಿ ಇಲ್ದಿದ್ರೆ ನಾಳೆ ಯಾರು ಕೊಂಡ್ರೂ “ನಮ್ಮ ಪಾರ್ಟಿ ಸಾರ್” ಅಂತ ಕಮಿಷನ್‌ಗೆ ಬಂದು ಕೂತ್ಕೋತಾನೆ. ಆದ್ರೆ ನಿಜವಾಗ್ಲೂ ಅವನು ಕರ್ಕೊಂಡ್ ಬಂದವರೇ ಕೊಂಡ್ರೆ ಅವನ ದುಡ್ಡು ಅವನಿಗೆ ಕೊಟ್ಬಿಡಿ. (ಮುಂಬಾಗಿಲಿಂದ ಬ್ರೋಕರನ್ನ ಕಳಿಸಿ, ಹಿಂಬಾಗಿಲಿಂದ ಅವನ ಪಾರ್ಟೀನ ಒಳಗೆ ಕರ್ಕೊಳ್ಳೋ ಐಡಿಯಾ ಬಂತಲ್ವಾ ಈಗ? ಮುಖ ನೋಡಿದ್ರೇ ಗೊತ್ತಾಗುತ್ತೆ.)

ಇನ್ನೊಂದು ಮಾತು, ಸ್ವಲ್ಪ ಹತ್ರ ಬನ್ನಿ. ತಪ್ಪೆಲ್ಲ ಬ್ರೋಕರ್‌ದೇನಾ? ಬಂದ ಪಾರ್ಟಿಗೆಲ್ಲ ತೇಗದ ಬಾಗಿಲು, ದೇವರಮನೆ ಗ್ರಾನೈಟು ತೋರಿಸಿ, “ಪಕ್ಕದ ರೋಡಲ್ಲೇ ಇದಕ್ಕಿಂತ ಜಾಸ್ತಿಗೆ ಹೋಗಿದೆ” ಅಂತ ರೇಟು ಏರಿಸಿದ್ದು ಯಾರು? ಖಾತೆ ಇನ್ನೂ ತೀರಿಹೋದ ಅಪ್ಪಾಜಿ ಹೆಸರಲ್ಲೇ ಇದೆ. ಇ-ಖಾತಾ ಇಲ್ದೆ ಈಗ ಬೆಂಗಳೂರಲ್ಲಿ ರಿಜಿಸ್ಟ್ರೇಷನ್ನೇ ಆಗಲ್ಲ. ದಾವಣಗೆರೆ ತಂಗಿ ಸೈನಂತೂ ಕೇಳೇ ಇಲ್ಲ, ಅವಳಿಗೂ ಪಾಲಿದೆ ಅನ್ನೋದು ನೆನಪಾಗುತ್ತೆ ಅಂತ!

ಇಂಥ ಮನೇನ ಯಾವ ಬ್ರೋಕರ್ ಬಂದ್ರೂ ಮಾರಲಾರ. ಅವನಿಗೆ ಮೆಸೇಜು ಇವತ್ತೇ ಕಳಿಸಿ, ಬೇಡ ಅನ್ನಲ್ಲ. ಹೊಸಬನ ಕೈಗೆ ಬೀಗದ ಕೈ ಕೊಡೋ ಮುಂಚೆ ತಂಗಿಗೊಂದು ಫೋನ್ ಮಾಡಿ.