ಸೀಲು ಬಿದ್ದ ಮೌನ

(ಬಂಗಾರಪೇಟೆಯ ಒಂದು ಸರ್ಕಾರಿ ಕೌಂಟರ್. ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬಂದಿರುವ, ಕಣ್ಣು ಕಾಣದ ಮಾಜಿ ಗಣಿ ಕಾರ್ಮಿಕ.)

ಕಾರ್ಮಿಕ: ಸಾರ್, ಅಂಗವಿಕಲರ ಅರ್ಜಿ?

ಗುಮಾಸ್ತ: ಎಲ್ಲಾ ಆನ್‌ಲೈನ್. ನಿಮ್ಮಂಥವರು ಅಲೆದಾಡಬಾರದು ಅಂತಲೇ.

ಕಾರ್ಮಿಕ: ನನ್ನ ಫೋನು ಪರದೆ ಓದಿ ಹೇಳುತ್ತೆ ಸಾರ್. ನಿಮ್ಮ ಪುಟಕ್ಕೆ ಬಂದರೆ ಮಾತ್ರ ‘ಚಿತ್ರ, ಚಿತ್ರ, ಬಟನ್’ ಅಂತ ಬಡಬಡಿಸುತ್ತೆ.

ಗುಮಾಸ್ತ: ಮೊದಲನೆಯದು ಸಚಿವರ ಚಿತ್ರ. ಎರಡನೆಯದೂ ಅವರದೇ, ಶಾಲು ಬೇರೆ.

ಕಾರ್ಮಿಕ: ಸುತ್ತೋಲೆ ತೆರೆದರೆ ಫೋನಿಗೆ ಉಸಿರೇ ಇಲ್ಲ.

ಗುಮಾಸ್ತ: ಟೈಪ್ ಮಾಡಿ, ಪ್ರಿಂಟ್ ತೆಗೆದು, ಸೀಲು ಒತ್ತಿ, ಸ್ಕ್ಯಾನ್ ಮಾಡಿ ಏರಿಸಿದ್ದೇವೆ. ಸೀಲಿಲ್ಲದ ಅಕ್ಷರಕ್ಕೆ ಏನ್ರೀ ಬೆಲೆ?

(ಯೂನಿಕೋಡ್‌ನಲ್ಲಿ ಟೈಪಿಸಿದ ಮೂಲವನ್ನೇ ಏರಿಸಿದ್ದರೆ ಫೋನು ಓದುತ್ತಿತ್ತು. ಆದರೆ ಸ್ಕ್ಯಾನರ್ ಏಕೆ ಕೊಂಡಿರಿ ಎಂದು ಆಡಿಟ್‌ನವರು ಕೇಳಿದರೆ?)

ಕಾರ್ಮಿಕ: ಕೊನೆಗೆ, ರೋಬೋಟ್ ಅಲ್ಲವೆಂದು ಸಾಬೀತು ಮಾಡು ಅಂತು. ಚಾಂಪಿಯನ್ ರೀಫ್ ಗಣಿಯ ಪಾತಾಳಕ್ಕೆ ಇಳಿಸುವಾಗ ಯಾರೂ ಹಾಗೆ ಕೇಳಲಿಲ್ಲ ಸಾರ್.

ಗುಮಾಸ್ತ: ಸೊಟ್ಟ ಅಕ್ಷರ ನೋಡಿ ಟೈಪಿಸಿ, ಮುಗೀತು.

ಕಾರ್ಮಿಕ: ನೋಡಿ?

ಗುಮಾಸ್ತ: ಆಗದಿದ್ದರೆ ದೂರು ಕೊಡಿ. ಅದೂ ಆನ್‌ಲೈನ್. ಅಲ್ಲೂ ಕ್ಯಾಪ್ಚಾ ಇದೆ.

ಕಾರ್ಮಿಕ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ…

ಗುಮಾಸ್ತ: ಗೊತ್ತು. ಜಾಲತಾಣದಲ್ಲೇ ಹಾಕಿದ್ದೇವೆ, ಸ್ಕ್ಯಾನ್ ಮಾಡಿ!

ಗುಮಾಸ್ತರು ಹಾಕದೆ ಬಿಟ್ಟ ಒಂದು ಕಾಗದವಿದೆ: ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟಿದೆ.